ಹಿತಕಿದ ಬೇಳೆ ಸಾರು: ಬೇಳೆ ಕರಗಬಾರದು, ಸೊಗಡು ಹೋಗಬಾರದು

ಮಾಗಿಚಳಿ:

ಅವರೆಕಾಯಿ ಕಾಲ ಶುರುವಾಗಿದೆ. ನಾಲ್ಕು ಜನಕ್ಕೆ ಆಗುವಷ್ಟು ಹಿತಕಿದ ಬೇಳೆ ಸಾರು ಮಾಡೋದು ಹೇಗೆ ಅಂತ ಅಳತೆ ಸಮೇತ ಬೇಕಿತ್ತು. ಇಂಟರ್ನೆಟ್ಟಲ್ಲಿ ಸಿಗುವ ಹೆಚ್ಚಿನ ವಿಧಾನಗಳಲ್ಲಿ ಬೇಳೆ, ಮಸಾಲೆ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ಅಂತ ಇರುತ್ತೆ. ಹಾಗೆ ಮಾಡಿದರೆ ಅರ್ಧ ಬೇಳೆ ಕರಗಿ ಗಂಜಿಯಾಗುತ್ತೆ, ಚಕ್ಕೆ ಲವಂಗದ ಘಾಟು ಬಿಟ್ಟು ಬೇರೇನೂ ಗೊತ್ತಾಗಲ್ಲ. ಅವರೆಯ ಸೊಗಡು ಉಳಿಯುವ ಹಾಗೆ ಮಾಡುವವರು ದಯವಿಟ್ಟು ಬರೆಯಿರಿ. ಕಾಳು ಹಾಕಿದ ಉಪ್ಪಿಟ್ಟು, ಅಕ್ಕಿರೊಟ್ಟಿ ಬಗ್ಗೆಯೂ ಹೇಳಿದರೆ ಇನ್ನೂ ಒಳ್ಳೇದು. ಉಪ್ಪಿಟ್ಟಲ್ಲಿ ರವೆ ಬೆಂದರೂ ಕಾಳು ಗಟ್ಟಿಯಾಗೇ ಉಳಿಯೋದು ಯಾಕೆ?

ಒರಳುಕಲ್ಲು:

ಕಾಯಿಂದಲೇ ಶುರು ಮಾಡೋಣ. ಸಾರಿಗೆ ಬಲಿತ ಕಾಳೇ ಬೇಕು. ಎಳೆ ಕಾಳು ಹಿತಕುವಾಗ ಸಿಪ್ಪೆ ಬಿಡದೆ ನಜ್ಜುಗುಜ್ಜಾಗುತ್ತೆ. ಒಂದೂವರೆ ಕೆ.ಜಿ. ಕಾಯಿ ತಂದರೆ, ಬಿಡಿಸಿ ಹಿತಕಿದ ಮೇಲೆ ಸುಮಾರು ಎರಡು ಲೋಟ ಬೇಳೆ ಬರುತ್ತೆ. ನಾಲ್ಕು ಜನಕ್ಕೆ ಅಷ್ಟು ಸಾಕು. ಬಿಡಿಸುವಾಗಲೇ ಬಲಿತದ್ದು ಒಂದು ಪಾತ್ರೆಗೆ, ಎಳೆಯದು ಇನ್ನೊಂದಕ್ಕೆ ಹಾಕಿಕೊಳ್ಳಿ. ಎಳೆಯದು ಉಪ್ಪಿಟ್ಟಿಗೋ ರೊಟ್ಟಿಗೋ ಆಗುತ್ತೆ.

ಬಲಿತ ಕಾಳನ್ನು ತಣ್ಣೀರಲ್ಲಿ ಆರರಿಂದ ಎಂಟು ಗಂಟೆ ನೆನೆಸಿ. ಸಿಪ್ಪೆ ಉಬ್ಬಿ ಬೇಳೆಯಿಂದ ಬಿಟ್ಟುಕೊಂಡಿರಬೇಕು. ಒಂದು ಕಾಳು ಒತ್ತಿ ನೋಡಿದರೆ ಗೊತ್ತಾಗುತ್ತೆ. ರಾತ್ರಿ ನೆನೆಸಿಟ್ಟು ಬೆಳಗ್ಗೆ ತಡವಾಗುತ್ತೆ ಅನ್ನೋದಾದರೆ ನೀರು ಬದಲಾಯಿಸಿ ಫ್ರಿಜ್ಜಲ್ಲಿಡಿ. ಹೊರಗೇ ಬಿಟ್ಟರೆ ನೀರು ಲೋಳೆಯಾಗಿ ಹುಳಿವಾಸನೆ ಬರುತ್ತೆ, ಆ ವಾಸನೆ ಎಷ್ಟು ತೊಳೆದರೂ ಸಾರಿನವರೆಗೂ ಬರುತ್ತೆ. ಸಮಯ ಇಲ್ಲದಿದ್ದರೆ ಕೈ ತಾಳುವಷ್ಟು ಬಿಸಿ ನೀರಲ್ಲಿ ಎರಡು ಗಂಟೆ ನೆನೆಸಬಹುದು. ಕುದಿಯುವ ನೀರು ಸುರಿಯಬೇಡಿ, ಬೇಳೆಯ ಮೇಲ್ಭಾಗ ಅರೆಬೆಂದು ಹಿತಕುವಾಗ ಎರಡು ಹೋಳಾಗುತ್ತೆ.

ಹಿತಕುವಾಗ ಕಾಳಿನ ಬಿಳಿ ಗೀಟಿರುವ ಕಡೆ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿ. ಇನ್ನೊಂದು ಕಡೆಯಿಂದ ಬೇಳೆ ಜಾರಿ ಬರುತ್ತೆ. ಜೋರಾಗಿ ಚಿಮ್ಮುವುದರಿಂದ ಆಳವಾದ ಪಾತ್ರೆಯೊಳಗೇ ಕೈಯಿಟ್ಟು ಹಿತಕಿ. ನಾಲ್ಕು ಕೈ ಸೇರಿದರೆ ಎರಡು ಲೋಟ ಬೇಳೆ ಬೇಗ ಮುಗಿಯುತ್ತೆ.

ಮಸಾಲೆಗೆ: ಧನಿಯಾ ಒಂದೂವರೆ ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ 5, ಗುಂಟೂರು 2, ಗಸಗಸೆ ಒಂದು ಸಣ್ಣ ಚಮಚ, ಚಕ್ಕೆ ಅರ್ಧ ಇಂಚು, ಲವಂಗ 2, ಈರುಳ್ಳಿ ಒಂದು, ಬೆಳ್ಳುಳ್ಳಿ ಆರೇಳು ಎಸಳು, ಶುಂಠಿ ಅರ್ಧ ಇಂಚು, ಟೊಮೆಟೊ ಒಂದು, ತೆಂಗಿನತುರಿ ಅರ್ಧ ಲೋಟ, ಹುರಿಗಡಲೆ ಒಂದು ದೊಡ್ಡ ಚಮಚ, ಕೊತ್ತಂಬರಿ ಸೊಪ್ಪು ಒಂದು ಹಿಡಿ. ಧನಿಯಾ, ಮೆಣಸಿನಕಾಯಿ, ಚಕ್ಕೆ, ಲವಂಗ ಒಂದು ತೊಟ್ಟು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಕೊನೆಗೆ ಗಸಗಸೆ ಹಾಕಿ ಇಳಿಸಿ. ಗಸಗಸೆ ಮೊದಲೇ ಹಾಕಿದರೆ ಸೀದು ಕಹಿಯಾಗುತ್ತೆ. ಅದೇ ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಅಂಚು ಕೆಂಪಾಗುವವರೆಗೆ ಬಾಡಿಸಿ, ಟೊಮೆಟೊ ಮೆತ್ತಗಾದ ಮೇಲೆ ಆರಲು ಬಿಡಿ. ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ. ರುಬ್ಬುವಾಗ ಒಂದು ಹಿಡಿ ಬೇಳೆಯನ್ನೂ ಹಾಕಿದರೆ ಸಾರು ತಾನಾಗಿ ಮಂದ ಬರುತ್ತೆ, ಹುರಿಗಡಲೆ ಅರ್ಧಕ್ಕೆ ಇಳಿಸಬಹುದು.

ಈಗ ಬೇಯಿಸೋದು. ಬೇಳೆ ಕರಗೋದು, ಉಳಿಯೋದು ಎರಡೂ ತೀರ್ಮಾನ ಆಗೋದು ಇಲ್ಲೇ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಹೆಚ್ಚಿದ ಅರ್ಧ ಈರುಳ್ಳಿ. ಬೇಳೆ ಹಾಕಿ ಎರಡು ನಿಮಿಷ ಮೆಲ್ಲಗೆ ಮಗುಚಿ, ಕಾಲು ಚಮಚ ಅರಿಶಿನ, ಮೂರು ಲೋಟ ಬಿಸಿನೀರು. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಅರ್ಧ ಮಾತ್ರ ಮುಚ್ಚಿ. ಪೂರ್ತಿ ಮುಚ್ಚಿದರೆ ನೊರೆ ಉಕ್ಕಿ ಒಲೆ ಮೇಲೆ ಹರಿಯುತ್ತೆ. ಹತ್ತು ನಿಮಿಷದ ಮೇಲೆ ಒಂದು ಬೇಳೆ ತೆಗೆದು ಬೆರಳಲ್ಲಿ ಒತ್ತಿ: ಚಪ್ಪಟೆಯಾಗಬೇಕು, ನಡುವೆ ಸ್ವಲ್ಪ ತಡೆ ಸಿಗಬೇಕು. ಆಗ ಮಸಾಲೆ, ಉಪ್ಪು ಹಾಕಿ ಇನ್ನು ಎಂಟು ನಿಮಿಷ ಸಣ್ಣಗೆ ಕುದಿಸಿ. ಸೌಟು ತಳದಿಂದ ಎತ್ತಿ ತಿರುಗಿಸಿ, ಗರಗರ ಕಡೆಯಬೇಡಿ.

ಬೇಳೆ ಮುಕ್ಕಾಲು ಬೇಯುವ ಮೊದಲೇ ಟೊಮೆಟೊ ಇರುವ ಮಸಾಲೆ ಸೇರಿದರೆ ಆ ಹುಳಿಗೆ ಬೇಳೆ ಮೆತ್ತಗಾಗೋದು ನಿಧಾನವಾಗುತ್ತೆ. ಅದು ಬೇಯಲಿ ಅಂತ ಕಾಯುವಷ್ಟರಲ್ಲಿ ಹುರಿಗಡಲೆ ತಳ ಹಿಡಿದಿರುತ್ತೆ.

ಇಳಿಸುವಾಗ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗೇ ಇರಲಿ. ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತೆ. ಮುದ್ದೆಗಾದರೆ ಹಾಗೇ ಬಿಡಿ, ಅನ್ನಕ್ಕಾದರೆ ಅರ್ಧ ಲೋಟ ಬಿಸಿನೀರು ಸೇರಿಸಿ ಒಂದು ಕುದಿ ಕುದಿಸಿ. ತಣ್ಣೀರು ಸುರಿದು ಹಾಗೇ ಬಡಿಸಿದರೆ ನೀರೇ ಬೇರೆ, ಮಸಾಲೆಯೇ ಬೇರೆ ಆಗಿ ನಿಲ್ಲುತ್ತೆ.

ಹೊಲದಂಚು:

ಅಳತೆ ಸರಿಯಾಗಿದೆ. ಆದರೆ ಕಾಯಲ್ಲೇ ಸೊಗಡಿಲ್ಲದಿದ್ದರೆ ಯಾವ ಮಸಾಲೆಯಿಂದಲೂ ಅದು ಬರಲ್ಲ. ಹಳೆಯ ಸೊಗಡು ಅವರೆ ಹಗಲು ಗಿಡ್ಡವಾಗುತ್ತಾ ಬಂದಾಗ ಮಾತ್ರ ಹೂ ಬಿಡುವ ಬೆಳೆ. ಹಾಗಾಗಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅದರ ಕಾಲ. ವರ್ಷವಿಡೀ ಸಿಗುವ ಅವರೆ ಬಹುತೇಕ ಬೇರೆ ತಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4 ತಳಿಗಳು ಹಗಲಿನ ಉದ್ದ ಎಷ್ಟಿದ್ದರೂ ಕಾಯಿ ಬಿಡುತ್ತವೆ. ರೈತರಿಗೆ ಅದರಿಂದ ದೊಡ್ಡ ಅನುಕೂಲ, ಘಮ ಮಾತ್ರ ಕಡಿಮೆ.

ಸೊಗಡು ಇರೋದು ಕಾಯಿಯ ಸಿಪ್ಪೆ ಮೇಲಿನ ಎಣ್ಣೆಯಂಥ ಅಂಟಲ್ಲಿ. ಕಾಯಿ ಮುಟ್ಟಿ ಬೆರಳು ಮೂಸಿ ನೋಡಿ. ಅಂಟಂಟಾಗಿ ಘಂ ಅಂದರೆ ಕೊಳ್ಳಿ. ಕಾಯಿ ಹಸಿರಾಗಿ, ಕಾಳು ಎದ್ದು ಕಾಣುವ ಹಾಗೆ ತುಂಬಿರಬೇಕು. ಹಳದಿಗೆ ತಿರುಗಿದ, ಸುಕ್ಕಾದ ಕಾಯಿ ಬೇಡ. ಸಣ್ಣ ತೂತಿರುವ ಕಾಯಿಯೊಳಗೆ ಹುಳ ಇದ್ದೇ ಇರುತ್ತೆ ಅಂದುಕೊಂಡು ಬಿಡಿಸಿ, ಕೊರೆದ ಕಾಳನ್ನು ಎಸೆಯಿರಿ.

ಬಿಡಿಸುವ ಮೊದಲು ಕಾಯಿ ತೊಳೆಯಬೇಡಿ. ಆ ಅಂಟು ಕೈಗೆ ಹತ್ತಿ ಕಾಳಿಗೂ ಹತ್ತಬೇಕು. ತೊಳೆಯೋದು ಬಿಡಿಸಿದ ಮೇಲೆ, ಒಂದೇ ಸಲ. ಇನ್ನು ಕಾಯನ್ನು ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಕಟ್ಟಿಟ್ಟರೆ ಬೆವರಿ ಬೂಷ್ಟು ಬರುತ್ತೆ. ಬಟ್ಟೆ ಚೀಲದಲ್ಲೋ ಪೇಪರಲ್ಲೋ ಸುತ್ತಿ ಫ್ರಿಜ್ಜಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತೆ.

ಸಬ್ಬಸಿಗೆ:

ಒರಳುಕಲ್ಲು ಅವರ ಕ್ರಮ ಒಪ್ಪುತ್ತೇನೆ, ಚಕ್ಕೆ ಲವಂಗದ ವಿಷಯ ಒಂದು ಬಿಟ್ಟು. ನಿಜವಾದ ಸೊಗಡು ಅವರೆ ಸಿಕ್ಕಿದ್ದರೆ ಲವಂಗ ಒಂದೇ ಸಾಕು, ಚಕ್ಕೆ ಕಾಲು ಇಂಚು. ಅರ್ಧ ಇಂಚು ಚಕ್ಕೆ ಘಮ ಕಡಿಮೆ ಇರುವ ಕಾಳಿಗೆ ಸರಿ. ಗರಂ ಮಸಾಲೆ ಪುಡಿಯನ್ನಂತೂ ಹತ್ತಿರ ತರಬೇಡಿ.

ಉಪ್ಪಿಟ್ಟಲ್ಲಿ ಕಾಳು ಗಟ್ಟಿ ಉಳಿಯೋದಕ್ಕೆ ಕಾರಣ, ಹಸಿ ಕಾಳನ್ನು ನೇರ ಒಗ್ಗರಣೆಗೆ ಹಾಕಿ, ಮೇಲೆ ಟೊಮೆಟೊ ಸೇರಿಸೋದು. ರವೆ ಬೇಯಲು ಐದು ನಿಮಿಷ ಸಾಕು, ಕಾಳಿಗೆ ಕಾಲು ಗಂಟೆ ಬೇಕು. ಅದಕ್ಕೇ ಕಾಳನ್ನು ಬೇರೆಯಾಗಿ ಬೇಯಿಸಿಕೊಳ್ಳಬೇಕು. ಒಂದು ಲೋಟ ಕಾಳಿಗೆ ಎರಡು ಲೋಟ ನೀರು, ಅರ್ಧ ಚಮಚ ಉಪ್ಪು ಹಾಕಿ ತೆರೆದ ಪಾತ್ರೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತಾರೆ, ಅದಕ್ಕೆ ಹೆದರಬೇಡಿ. ತಡೆಯೋದು ಹುಳಿ, ಉಪ್ಪಲ್ಲ. ಉಪ್ಪು ಹಾಕಿ ಬೇಯಿಸಿದ ಕಾಳಿಗೆ ಒಳಗಿನಿಂದ ರುಚಿ ಬರುತ್ತೆ. ಕಾಳು ಬೆರಳಲ್ಲಿ ಒತ್ತಿದರೆ ಬೆಣ್ಣೆ ಹಾಗೆ ಕೂರಬೇಕು. ಅವರೆಕಾಳನ್ನು ಅರೆಬೆಂದದ್ದು ತಿನ್ನಲೂ ಬಾರದು, ಹೊಟ್ಟೆಗೆ ಆಗಲ್ಲ.

ಒಂದು ಲೋಟ ಮಧ್ಯಮ ರವೆಯನ್ನು ಘಂ ಅನ್ನುವವರೆಗೆ ಹುರಿದಿಟ್ಟುಕೊಳ್ಳಿ. ಒಗ್ಗರಣೆಗೆ ಸಾಸಿವೆ, ಕಡಲೆಬೇಳೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ 4, ಚೂರು ಶುಂಠಿ. ಬೇಯಿಸಿದ ಕಾಳು, ಒಂದು ಹಿಡಿ ಸಬ್ಬಸಿಗೆ ಸೊಪ್ಪು ಹಾಕಿ ಒಂದು ನಿಮಿಷ ಬಾಡಿಸಿ. ಕಾಳು ಬೆಂದ ನೀರನ್ನು ಚೆಲ್ಲಬೇಡಿ, ಸೊಗಡೆಲ್ಲ ಅದರಲ್ಲಿರುತ್ತೆ. ಆ ನೀರಿಗೆ ಬಿಸಿನೀರು ಸೇರಿಸಿ ಒಟ್ಟು ಎರಡೂಮುಕ್ಕಾಲು ಲೋಟ ಮಾಡಿಕೊಂಡು ಸುರಿಯಿರಿ. ಅದರಲ್ಲಿ ಆಗಲೇ ಉಪ್ಪಿದೆ, ನೆಕ್ಕಿ ನೋಡಿ ಹಾಕಿ. ಕುದಿಯುವಾಗ ರವೆ ಉದುರಿಸಿ ತಿರುಗಿಸಿ, ಮುಚ್ಚಿ ಐದು ನಿಮಿಷ ಸಣ್ಣ ಉರಿ. ಒಲೆ ಆರಿಸಿದ ಮೇಲೆ ನಿಂಬೆರಸ, ತೆಂಗಿನತುರಿ. ಟೊಮೆಟೊ ಈ ಉಪ್ಪಿಟ್ಟಿಗೆ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಅಕ್ಕಿರೊಟ್ಟಿಗೆ: ಎರಡು ಲೋಟ ಅಕ್ಕಿಹಿಟ್ಟು, ಬೇಯಿಸಿದ ಕಾಳು ಒಂದು ಲೋಟ, ಸಬ್ಬಸಿಗೆ ಅರ್ಧ ಲೋಟ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸು 3, ಕಾಲು ಲೋಟ ತೆಂಗಿನತುರಿ, ಜೀರಿಗೆ, ಉಪ್ಪು. ಕಾಳಿನಲ್ಲಿ ಅರ್ಧವನ್ನು ಕೈಯಲ್ಲಿ ಕಿವುಚಿ ಹಾಕಿ. ಇಡೀ ಕಾಳು ಜಾಸ್ತಿಯಾದರೆ ತಟ್ಟುವಾಗ ಅದರ ಸುತ್ತ ಹಿಟ್ಟು ಬಿರಿಯುತ್ತೆ. ಕಾಳು ಬೆಂದ ಬಿಸಿ ನೀರಲ್ಲೇ ಕಲಸಿ, ಚಪಾತಿ ಹಿಟ್ಟಿಗಿಂತ ಮೆತ್ತಗಿರಲಿ. ತಣ್ಣನೆಯ ಬಾಣಲೆಗೆ ಎಣ್ಣೆ ಸವರಿ ತೆಳ್ಳಗೆ ತಟ್ಟಿ, ಬೆರಳಲ್ಲಿ ನಾಲ್ಕೈದು ತೂತು ಮಾಡಿ ಎಣ್ಣೆ ಬಿಟ್ಟು ಮುಚ್ಚಿ ಬೇಯಿಸಿ. ಎರಡನೇ ರೊಟ್ಟಿಗೆ ಬಾಣಲೆ ಆರಿರಬೇಕು, ಇಲ್ಲದಿದ್ದರೆ ಹಿಟ್ಟು ಮೆತ್ತಿಕೊಂಡು ಕೈಯೂ ಸುಡುತ್ತೆ. ಎರಡು ಬಾಣಲೆ ಇಟ್ಟುಕೊಂಡರೆ ಸರಾಗ. ಬಾಳೆ ಎಲೆ ಮೇಲೆ ತಟ್ಟಿ ಕಾದ ಕಾವಲಿಗೆ ಮಗುಚಿದರೂ ಆಗುತ್ತೆ.

ಮಾಗಿಚಳಿ:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಇನ್ನೆರಡು ಪ್ರಶ್ನೆ. ಕಾಲ ಮುಗಿದ ಮೇಲೂ ಬಳಸಲು ಫ್ರೀಜರಲ್ಲಿ ಇಡೋದು ಹೇಗೆ? ಹಿತಕಿದ ಬೇಳೆ ಕರಿದರೆ ಹೊರಗೆ ಕೆಂಪು, ಒಳಗೆ ಮೆತ್ತಗೆ ಆಗೋದು ಯಾಕೆ?

ಬಾಣಲೆ:

ಸಿಪ್ಪೆ ಇರುವ ಕಾಳನ್ನು ಕುದಿಯುವ ನೀರಲ್ಲಿ ಎರಡು ನಿಮಿಷ ಹಾಕಿ ತೆಗೆದು, ತಕ್ಷಣ ತಣ್ಣೀರಿಗೆ ಹಾಕಿ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಒರೆಸಿ, ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರಲ್ಲಿ ಗಟ್ಟಿ ಮಾಡಿ, ಆಮೇಲೆ ಕವರಿಗೆ ತುಂಬಿ ಗಾಳಿ ಒತ್ತಿ ತೆಗೆದು ಕಟ್ಟಿ. ಬಿಸಿನೀರು ತೋರಿಸದೆ ಇಟ್ಟರೆ ದಿನ ಕಳೆದ ಹಾಗೆ ಬಣ್ಣ, ರುಚಿ ಎರಡೂ ಕೆಡುತ್ತೆ. ಹಿತಕಿದ ಬೇಳೆಯನ್ನು ಒಂದು ತಿಂಗಳೊಳಗೆ ಬಳಸುವುದಾದರೆ ಒರೆಸಿ ಹಾಗೇ ಇಡಬಹುದು. ಒಂದು ಅಡುಗೆಗೆ ಎಷ್ಟು ಬೇಕೋ ಅಷ್ಟಷ್ಟೇ ಬೇರೆ ಬೇರೆ ಕವರು ಮಾಡಿ. ತೆಗೆದ ಮೇಲೆ ಕರಗಲು ಬಿಡದೆ ನೇರ ಕುದಿಯುವ ನೀರಿಗೆ ಹಾಕಿ. ಕರಗಿ ಮೆತ್ತಗಾದ ಬೇಳೆ ಸೌಟು ಸೋಕಿದರೆ ಒಡೆಯುತ್ತೆ. ಘಮ ಸ್ವಲ್ಪ ಇಳಿದೇ ಇರುತ್ತೆ, ಉಪ್ಪಿಟ್ಟಿಗಿಂತ ಮಸಾಲೆ ಸಾರಿಗೆ ಇದು ಹೊಂದುತ್ತೆ.

ಕರಿಯೋದರಲ್ಲಿ ತಪ್ಪೋದು ಉರಿ. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದರೆ ಒಳಗಿನ ನೀರು ಹೋಗುವ ಮೊದಲೇ ಹೊರಗೆ ಬಣ್ಣ ಬಂದುಬಿಡುತ್ತೆ. ಹಿತಕಿದ ಬೇಳೆಯನ್ನು ಹತ್ತಿಬಟ್ಟೆ ಮೇಲೆ ನೆರಳಲ್ಲಿ ಒಂದು ಗಂಟೆ ಹರಡಿ, ಮೇಲಿನ ತೇವ ಪೂರ್ತಿ ಹೋಗಲಿ. ಬಾಣಲೆಯಲ್ಲಿ ಎಣ್ಣೆ ಅರ್ಧ ಮಾತ್ರ ಇರಲಿ, ನೊರೆ ಜೋರಾಗಿ ಏಳುತ್ತೆ. ಮಧ್ಯಮ ಉರಿಯಲ್ಲಿ ಒಂದೊಂದೇ ಹಿಡಿ ಹಾಕಿ. ಮೊದಲು ಚೊರ್ ಅಂತ ಸದ್ದು, ತುಂಬ ಗುಳ್ಳೆ. ಆಮೇಲೆ ಗುಳ್ಳೆ ಅಡಗುತ್ತಾ ಬೇಳೆ ಹಗುರಾಗಿ ತೇಲುತ್ತೆ, ಜಾಲರಿಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನುತ್ತೆ. ಬಣ್ಣ ಹೊಂಬಣ್ಣಕ್ಕೆ ಬರುವಾಗಲೇ ತೆಗೆಯಿರಿ. ಕಂದುಬಣ್ಣ ಬಂದರೆ ಕಹಿ.

ಬಿಸಿ ಇರುವಾಗಲೇ ಉಪ್ಪು, ಅಚ್ಚಖಾರದ ಪುಡಿ ಉದುರಿಸಿ ಕುಲುಕಿ. ಆರಿದ ಮೇಲೆ ಹಾಕಿದ್ದು ಡಬ್ಬಿಯ ತಳ ಸೇರುತ್ತೆ. ಕರಿದ ಕರಿಬೇವು, ಹುರಿಗಡಲೆ, ಕೊಬ್ಬರಿ ಚೂರು ಸೇರಿಸಿದರೆ ಚೆನ್ನಾಗಿರುತ್ತೆ. ಒಂದು ಗಂಟೆ ಆದ ಮೇಲೆ ಕಚ್ಚಿದರೆ ಮೆತ್ತಗಿದೆ ಅನ್ನಿಸಿದರೆ ಮಸಾಲೆ ಹಾಕುವ ಮೊದಲು ಸಣ್ಣ ಉರಿಯಲ್ಲಿ ಇನ್ನೊಮ್ಮೆ ಎರಡು ನಿಮಿಷ ಕರಿಯಬಹುದು. ಖಾರದ ಪುಡಿ ಹಾಕಿದ ಮೇಲೆ ಅದು ಸಾಧ್ಯವಿಲ್ಲ, ಪುಡಿ ಸೀದು ಎಣ್ಣೆಯೇ ಕೆಡುತ್ತೆ. ಹಾಗಾಗಿ ಮೊದಲ ಹಿಡಿಯನ್ನು ಆರಲು ಬಿಟ್ಟು ಕಚ್ಚಿ ನೋಡಿ, ಆಮೇಲೆ ಉಳಿದದ್ದನ್ನು ಕರಿಯಿರಿ.