‘ಕರಗಿದೆ’ ಅಂದರೆ ಯಾವುದು ಕರಗಿದ್ದು?

ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ಹಾವು ಸಾಕುವ ಮುಂಬೈ–ಪುಣೆಯ ಕನ್ನಡಿಗರಿಗಾಗಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಏಪ್ರಿಲ್–ಮೇ ಸೆಕೆಯಲ್ಲಿ ಅವುಗಳ ಆಹಾರಕ್ಕೆಂದು ಪಾರ್ಸೆಲ್ ಬರುವ ಫ್ರೋಜನ್ ಇಲಿಗಳನ್ನು ಇಳಿಸಿಕೊಳ್ಳುವುದು ಹೇಗೆ ಅಂತ. ಪಿಂಕಿ (ಕೂದಲಿಲ್ಲದ ಎಳೆ ಮರಿ), ಫಜ್ಜಿ (ರೋಮ ಬರುತ್ತಿರುವ ಮರಿ), ಹಾಪರ್‌ಗೆಲ್ಲ (ಕುಪ್ಪಳಿಸುವ ಮರಿ) ಕನ್ನಡ ಬೇಡ, ಅವು ನಡೆದುಹೋಗಿವೆ. ತೊಡಕು ‘ಕರಗು’ ಅನ್ನುವುದರಲ್ಲಿ.

‘ಐಸ್ ಕರಗಿದೆ’ ಸರಿ. ‘ಇಲಿ ಕರಗಿದೆ’ ಅಂದರೆ ಬಡಕಲಾಗಿದೆ ಅಂತಲೂ ಆಯ್ತು! ಆದರೆ ಮಾರುವವರಿಗೆ ಹೋಗುವ ವಾಟ್ಸಾಪ್ ದೂರು ಹೀಗೇ ಇರುತ್ತದೆ. ಅವರು ಕೇಳುವುದು ತಂಪಿಗೆಂದು ಜೊತೆಗಿಟ್ಟ ಜೆಲ್ ಪ್ಯಾಕ್ ನೀರಾಯಿತೋ, ಇಲಿಯೇ ಮೆತ್ತಗಾಯಿತೋ ಅಂತ. ಪ್ಯಾಕ್ ನೀರಾಗಿದ್ದರೂ ಇಲಿ ಗಟ್ಟಿಯಿರಬಹುದು. ಮರಾಠಿಯಲ್ಲಿ ಬೆಣ್ಣೆ ‘ವಿತಳತೆ’, ಸಕ್ಕರೆ ‘ವಿರಘಳತೆ’. ನಮ್ಮಲ್ಲಿ ಎರಡಕ್ಕೂ ‘ಕರಗು’. ಡ್ರೈ ಐಸ್‌ಗಂತೂ, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್‌ಗಂತೂ, ಅದು ಹೊಂದುವುದೇ ಇಲ್ಲ. ಮೈನಸ್ 78 ಡಿಗ್ರಿಯ ಆ ಗಡ್ಡೆ ನೀರಾಗದೆ ನೇರ ಅನಿಲವಾಗುತ್ತದೆ. ಕರ್ಪೂರಕ್ಕೆ ಹೇಳುವಂತೆ ‘ಹಾರಿಹೋಗು’ ಎಂದು ಬರೆದಿದ್ದೇನೆ. ಹಾಗೆಂದೇ ಆ ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪ್ ಸುತ್ತಬಾರದು, ಬಿಚ್ಚುವಾಗ ಕಿಟಕಿ ತೆರೆದಿರಬೇಕು, ಕೈಗೆ ದಪ್ಪ ಗ್ಲೌಸ್ ಬೇಕು.

ಇನ್ನು, ‘ಪೆಟ್ಟಿಗೆ ಬೆವರಿದೆ’ ಅನ್ನುವುದನ್ನು ಕರಗಿದೆ ಎಂದು ಓದಿಕೊಳ್ಳುವವರೂ ಇದ್ದಾರೆ. ಮುಂಬೈ ಗಾಳಿಯ ತೇವ ತಣ್ಣನೆಯ ಥರ್ಮಾಕೋಲ್ ಮೇಲೆ ಕೂತದ್ದು ಅದು. ಒಳಗೆ ತಂಪು ಇನ್ನೂ ಇದೆ ಅನ್ನುವುದಕ್ಕೆ ಗುರುತು.

ಇಲಿಯದು ಮೂರು ಸ್ಥಿತಿ. ಕಲ್ಲಿನಂತೆ ಸೆಟೆದಿದ್ದರೆ ನೇರ ಫ್ರೀಜರ್‌ಗೆ. ಬಾಲ, ಕಾಲು ಬಾಗುತ್ತವೆ, ಹೊಟ್ಟೆ ಒತ್ತಿದರೆ ಒಳಗೆ ಗಟ್ಟಿ ತಗಲುತ್ತದೆ ಅಂದರೂ ತಡಮಾಡದೆ ಫ್ರೀಜರ್‌ಗೆ ಹಾಕಬಹುದು. ಮೂರನೆಯದು ಪೂರ್ತಿ ಮೆತ್ತಗೆ. ಥರ್ಮಾಮೀಟರ್ 4 ಡಿಗ್ರಿಯೊಳಗೆ ತೋರಿಸಿದರೆ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಮರುದಿನದೊಳಗೆ ತಿನ್ನಿಸುವುದು, ಮತ್ತೆ ಫ್ರೀಜರ್‌ಗೆ ಇಡಬಾರದು. ಮೈ ಬೆಚ್ಚಗಾಗಿದ್ದರೆ ಎಸೆಯಿರಿ, ದುಡ್ಡಿನ ಮುಖ ನೋಡಬೇಡಿ. ಕೊಳೆಯುವುದು ಹೊಟ್ಟೆಯಿಂದ ಶುರು, ಕರುಳಿನ ಬ್ಯಾಕ್ಟೀರಿಯಾದಿಂದ. ಹೊಟ್ಟೆ ಹಸಿರುಗಟ್ಟುತ್ತದೆ, ಅಂಥದ್ದನ್ನು ಮತ್ತೆ ಹೆಪ್ಪುಗಟ್ಟಿಸಿ, ತಿನ್ನಿಸುವ ಮುನ್ನ ಬಿಸಿನೀರಿಗೆ ಇಳಿಸಿದರೆ ಒಡೆಯುತ್ತದೆ, ಹಾವು ನುಂಗಿದರೂ ಕಕ್ಕಬಹುದು. ಪಿಂಕಿಗೆ ಮೈ ಚಿಕ್ಕದು, ಎರಡನೆಯ ಸ್ಥಿತಿ ಕೆಲವೇ ನಿಮಿಷ. ಪೆಟ್ಟಿಗೆಯಿಂದ ಮೊದಲು ಎತ್ತಿಕೊಳ್ಳಬೇಕಾದ್ದು ಅದನ್ನೇ. ದೊಡ್ಡ ಇಲಿ ಗಂಟೆಗಟ್ಟಲೆ ತಾಳುತ್ತದೆ.

ಮೂರನೆಯದಕ್ಕೆ ‘ಹೆಪ್ಪು ಬಿಟ್ಟಿದೆ’ ಅಂದುಕೊಂಡಿದ್ದೇನೆ. ಹೆಪ್ಪು ಅಂದರೆ ಮೊಸರೇ ನೆನಪಾಗುತ್ತದೆ ಅನ್ನಬಹುದು, ಆದರೆ ರಕ್ತವೂ ಹೆಪ್ಪುಗಟ್ಟುತ್ತದಲ್ಲ. ‘ಮರಗಟ್ಟು’ ಬೇಡ, ಅದು ಚಳಿಗೆ ಜೋಮು ಹಿಡಿದ ಕೈಗೆ. ಎರಡನೆಯದಕ್ಕೆ, ಮೇಲೆ ಸಡಿಲ ಒಳಗೆ ಗಟ್ಟಿ ಅನ್ನುವುದಕ್ಕೆ, ‘ಒಳಗಡಸು’ ಎಂದು ಬರೆದಿದ್ದೇನೆ, ಓದುವವರಿಗೆ ಹತ್ತುತ್ತದೆಯೇ? ಮಲ್ಪೆಯಲ್ಲೋ ಸಸೂನ್ ಡಾಕ್‌ನಲ್ಲೋ ಐಸ್ ಮೀನಿನ ವ್ಯವಹಾರ ಬಲ್ಲವರು ಹೆಪ್ಪು ಅರ್ಧ ಬಿಟ್ಟ ಮೀನಿಗೆ ಏನನ್ನುತ್ತಾರೆ, ತಿಳಿಸಿ.