ಅಜ್ಜಿಯ ಹಚ್ಚೆ ನನ್ನ ಕೈಗೂ ಬೇಕು

ಅಜ್ಜಿಯ ಮುಂಗೈಲಿದ್ದ ಚುಕ್ಕಿ ಹಚ್ಚೆಯನ್ನೇ ಹಾಕಿಸಿಕೊಳ್ಳುವ ಆಸೆ. ಜಾತ್ರೆಯಲ್ಲಾದರೆ ಅಗ್ಗ, ಅಲ್ವಾ?

ಉತ್ತರ 1: ಜಾತ್ರೆ ಬೇಡ ಮಾರಾಯ್ರೇ. ನಾನು ಹಾಕಿಸಿದ ಕಡೆ ಎಲ್ಲರಿಗೂ ಒಂದೇ ಸೂಜಿ. ಕೈ ಬದನೆಕಾಯಿ ಹಾಗೆ ಊದಿತ್ತು. ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು. ಇವತ್ತು ಹಾಕಿದ್ದರ ಫೋಟೊ ಯಾರು ಬೇಕಾದರೂ ತೋರಿಸುತ್ತಾರೆ. ಎರಡು ವರ್ಷ ಹಳೆಯದನ್ನು ಕೇಳಿ, ಗೆರೆ ಹರಡಿದೆಯಾ ಅಂತ ಗೊತ್ತಾಗುತ್ತದೆ.

ಉತ್ತರ 2: ಮನೆಗೆ ಬಂದ ಮೇಲೆ ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ. ಮಾಯಿಶ್ಚರೈಸರ್ ತೆಳ್ಳಗೆ ಸಾಕು. ನನಗೆ ಐದನೇ ದಿನ ಹೊಟ್ಟು ಎದ್ದು ವಿಪರೀತ ತುರಿಕೆ. ಕೆರೆದೆ, ಒಂದು ಚುಕ್ಕಿಯೇ ಮಾಯ! ಗಾಯ ಮಾಯುವವರೆಗೆ ಕೆರೆ, ಈಜುಕೊಳ ಬೇಡ. ಅಮ್ಮ ಅರಿಶಿನ ತಂದರೂ ಸುಮ್ನೆ ಬೇಡ ಅನ್ನಿ.

ಕೇಳಿದವಳು: ಥ್ಯಾಂಕ್ಸ್! ಹಾಕಿಸಿದ ಮೇಲೆ ಒಂದು ವರ್ಷ ರಕ್ತ ಕೊಡುವ ಹಾಗಿಲ್ಲವಲ್ಲ, ಭಾನುವಾರ ಮೊದಲು ಅದನ್ನು ಕೊಟ್ಟು ಬರುತ್ತೇನೆ.