ಹಿತ್ತಾಳೆ ಪಾತ್ರೆ ಬರೆದರೆ ಅಂಗಡಿ ಮಾಲಿನ ಹಾಗೆ ಕಾಣುತ್ತೆ, ಏನು ಮಾಡಲಿ?

ಬಣ್ಣದಡಬ್ಬಿ: ಹಳೇ ಅಡುಗೆಮನೆ ಸಾಮಾನುಗಳ ಜಲವರ್ಣ ಸರಣಿ ಇದು: ಕೊಳದಪ್ಪಲೆ, ಚೊಂಬು, ಈಳಿಗೆ ಮಣೆ. ಕಾಗದ 300 ಜಿಎಸ್‌ಎಂ ಕೋಲ್ಡ್ ಪ್ರೆಸ್ (ದಪ್ಪ, ತುಸು ತರಿಯಾದದ್ದು). ಆಕಾರ, ಹೊಳಪು ಎರಡೂ ಬಂದಿವೆ. ಆದರೂ ನೋಡಿದವರು ‘ಚೆನ್ನಾಗಿದೆ’ ಅಂತಾರೆಯೇ ಹೊರತು ‘ಅಜ್ಜಿ ಮನೇಲಿ ಇಂಥದ್ದೇ ಇತ್ತು’ ಅನ್ನಲ್ಲ. ಎಲ್ಲಿ ತಪ್ಪಿದೆ?

ಕುಂಚಕಡ್ಡಿ: ಕೊಳದಪ್ಪಲೆಯ ಒಳಗೂ ಹಳದಿ ತುಂಬಿಸಿದ್ದೀರಿ. ಅಡುಗೆಯ ಹಿತ್ತಾಳೆಗೆ ಒಳಗೆ ಕಲಾಯಿ ಇರುತ್ತೆ. ಇಲ್ಲದಿದ್ದರೆ ಹುಳಿ ಕಿಲುಬು ಹಿಡಿಯುತ್ತೆ. ಒಳಮೈ ತವರದ ಮಂಕು ಬೂದು. ಸೌಟು ತಿಕ್ಕಿ ಸವೆದ ತಳದಲ್ಲಷ್ಟೇ ಹಳದಿ ಇಣುಕಬೇಕು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿ ತೆಳುವಾಗಿ ಹಚ್ಚಿ, ಆರುತ್ತಿರುವಾಗ ತಳಕ್ಕೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಮುಟ್ಟಿಸಿ. ಕುಂಚದಲ್ಲಿ ಕಾಗದಕ್ಕಿಂತ ಹೆಚ್ಚು ನೀರಿದ್ದರೆ ಹೂಕೋಸಿನಂಥ ಕಲೆ ಏಳುತ್ತೆ.

ಹೊರಮೈಯ ನೆರಳಿಗೆ ಕಪ್ಪು ಬೇಡ, ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತೆ. ಬರ್ಂಟ್ ಅಂಬರ್ ಎಂಬ ಗಾಢ ಕಂದಿನ ಜೊತೆ ಅಲ್ಟ್ರಾಮರೀನ್ ಸಾಕು. ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬು ಹೊಟ್ಟೆಯಲ್ಲಿ ಹೊಳೆಯುತ್ತೆ. ಬೆರಳು ಹೋಗದ ಕತ್ತಿನ ಸಂದಿಯಲ್ಲಿ, ಪಾದದ ಸುತ್ತ ಕರೆ ಉಳಿಯುತ್ತೆ. ನೀವು ಎಲ್ಲ ಕಡೆ ಒಂದೇ ಸಮ ಹೊಳಪು ಕೊಟ್ಟಿದ್ದೀರಿ. ಅದು ಇವತ್ತು ಕೊಂಡ ಚೊಂಬು.

ಮಸಿಬಟ್ಟೆ: ಹೆಸರೆಲ್ಲಿ? ಮದುವೆಯ ಮುಯ್ಯಿ ಪಾತ್ರೆಯಾದರೆ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ಹೆಸರು, ಇಸವಿ ಬೇಡವೇ! ಅದನ್ನು ಗೆರೆಯಲ್ಲಿ ಬರೆಯಬೇಡಿ, 0 ನಂಬರ್ ಕುಂಚದಲ್ಲಿ ಒಂದೊಂದೇ ಚುಕ್ಕೆ ಇಡಿ. ಬೆಳಕು ಎಡದಿಂದ ಬಂದರೆ ಪ್ರತಿ ಕುಳಿಯ ಎಡ ಅಂಚು ಗಾಢ, ಬಲ ಅಂಚು ತಿಳಿ. ಅದಲುಬದಲಾದರೆ ಕುಳಿ ಹೋಗಿ ಗುಳ್ಳೆಯಾಗುತ್ತೆ. ಅಕ್ಷರದ ಸಾಲು ಪಾತ್ರೆಯ ಬಾಗಿನ ಜೊತೆಗೇ ಬಾಗಲಿ. ಎರಡಕ್ಷರ ಸವೆದಿದ್ದರೂ ನಡೆಯುತ್ತೆ.

ಈಳಿಗೆ ಮಣೆಯನ್ನು ಮೇಜಿನ ಮೇಲಿಟ್ಟು ಬರೆದ ಹಾಗಿದೆ. ಅದು ನೆಲದ ಸಾಮಾನು. ಕಣ್ಣಿನ ಮಟ್ಟ ನೆಲದಿಂದ ಎರಡು, ಎರಡೂವರೆ ಅಡಿ ಇರಲಿ, ಪಕ್ಕದಲ್ಲಿ ಕೂತ ಮಗುವಿಗೆ ಕಾಣುವ ಹಾಗೆ. ಅಲಗಿನ ಬಾಯಿ ಮಾತ್ರ ಬೆಳ್ಳಗಿನ ಎಳೆ, ಉಳಿದದ್ದು ಕಪ್ಪು ಕಬ್ಬಿಣ. ಪಕ್ಕಕ್ಕೆ ನೀರಿನ ಬೋಗುಣಿಯಲ್ಲಿ ಹೆಚ್ಚಿದ ಬದನೆಕಾಯಿ ಇಡಿ. ಲಾಟೀನು, ಬೀಸೋಕಲ್ಲು, ಒರಳು ಎಲ್ಲಾ ಒಂದೇ ಚಿತ್ರಕ್ಕೆ ತುರುಕಿದರೆ ರೆಸಾರ್ಟಿನ ಅಲಂಕಾರ ಅಷ್ಟೆ.

ಕುಂಚಕಡ್ಡಿ: ಹೌದು. ಫ್ರಾನ್ಸಿನ ಚಿತ್ರಕಾರ ಶಾರ್ದಾಂ (1699–1779) ಬರೆದ ತಾಮ್ರದ ನೀರಿನ ತೊಟ್ಟಿಯ ಚಿತ್ರ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ, ಒಂದಡಿಗಿಂತ ಚಿಕ್ಕದು. ತೊಟ್ಟಿ, ಬಕೆಟ್ಟು, ಹೂಜಿ, ಹಿಂದೆ ಬರೀ ಗೋಡೆ.

ಬಣ್ಣದಡಬ್ಬಿ: ಮುಂದಿನದು ಬಚ್ಚಲ ಹಂಡೆ. ಅದರ ಮಸಿಗೂ ಕಪ್ಪು ಬೇಡವೇ?

ಮಸಿಬಟ್ಟೆ: ಅಲ್ಲಿ ಬೇಕು. ಲ್ಯಾಂಪ್ ಬ್ಲ್ಯಾಕ್ ಅಂದರೇ ದೀಪದ ಮಸಿ. ಗಟ್ಟಿಯಾಗಿ, ಒಣ ಕುಂಚದಲ್ಲಿ ಹಚ್ಚಿ. ಹೊಳಪು ಸುತರಾಂ ಕೊಡಬೇಡಿ. ತಾಮ್ರದ ಕೆಂಪು ಬಾಯಂಚಿನ ಹತ್ತಿರ ನಾಲ್ಕು ಬೆರಳಗಲ ಕಂಡರೆ ಸಾಕು.